ಈರುಳ್ಳಿಯ ಸಿಪ್ಪೆ ಕಸವಲ್ಲ

ಸಂತೆಯಿಂದ ತಂದ ದಿನವೇ ಈರುಳ್ಳಿಯ ಒಣಸಿಪ್ಪೆಯನ್ನೆಲ್ಲ ಉಜ್ಜಿ ತೆಗೆದು ಬುಟ್ಟಿಗೆ ತುಂಬುವವರನ್ನು ಕಂಡರೆ ಸುಮ್ಮನಿರಲು ನನ್ನಿಂದಾಗದು. ಮನೆ ಚೊಕ್ಕಟವಾಗಿರಲಿ ಅನ್ನುವ ಆಸೆ ಸರಿಯೇ. ಆದರೆ ಆ ಕೆಂಪು ಸಿಪ್ಪೆ ಗಡ್ಡೆ ತನಗೆ ತಾನೇ ಮಾಡಿಕೊಂಡ ಔಷಧ. ಕ್ಯಾಟೆಕಾಲ್, ಪ್ರೋಟೋಕ್ಯಾಟೆಚುಯಿಕ್ ಆಮ್ಲ ಎಂಬ ಎರಡು ವಸ್ತು ಅದರಲ್ಲಿವೆ. ಸಿಪ್ಪೆಗೆ ತೇವ ತಗುಲಿದರೆ ಅವು ಕರಗಿ ಹೊರಬಂದು, ಮೇಲೆ ಕೂತ ಕಪ್ಪುಚುಕ್ಕೆ ಬೂಷ್ಟಿನ ಕಣ ಮೊಳೆಯದಂತೆ ನೋಡಿಕೊಳ್ಳುತ್ತವೆ. ಬಿಳಿ ಈರುಳ್ಳಿಗೆ ಈ ಭಾಗ್ಯವಿಲ್ಲ. ಒಂದು ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಹತ್ತು ಕಿಲೋ ಬಿಳಿಯದನ್ನು ತಂದಿಟ್ಟಿದ್ದೆ. ಮಳೆಗಾಲ ಮುಗಿಯುವುದರೊಳಗೆ ಮೈಮೇಲೆಲ್ಲ ಉಂಗುರದಂಥ ಕಪ್ಪು ಕಲೆ. ಪಕ್ಕದ ಬುಟ್ಟಿಯ ಕೆಂಪು ಈರುಳ್ಳಿ ಹಾಗೇ ಇತ್ತು. ಕೆಂಪಾದರೂ ಸಿಪ್ಪೆ ಸುಲಿದಿಟ್ಟರೆ ಒಳಗಿನ ತಿರುಳಿಗೆ ಆ ಶಕ್ತಿ ಇಲ್ಲ. ಹಾಗಾಗಿ ಕೊಳ್ಳುವಾಗಲೇ ಸಿಪ್ಪೆ ಬಿಗಿಯಾಗಿ, ಕುತ್ತಿಗೆ ಒಣಗಿ ಸಣ್ಣಗಾಗಿರುವ ಗಡ್ಡೆ ಆರಿಸಿ, ಗಾಳಿಯಾಡುವ ಬಿದಿರುಬುಟ್ಟಿಯಲ್ಲಿ ಹರವಿಡಿ. ಸಿಪ್ಪೆಯಡಿ ಕಾಣುವ ಮಸಿಯಂಥ ಕಪ್ಪು ಪುಡಿ ಬೇರೊಂದು ಬೂಷ್ಟು. ಅದಕ್ಕೆ ಸಿಪ್ಪೆಯ ಕಾವಲು ಸಾಲದು, ಗಾಳಿಯೇ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬೇಡಿ.

ಬೆಳ್ಳುಳ್ಳಿಯ ರೀತಿಯೇ ಬೇರೆ. ಇಡೀ ಎಸಳನ್ನು ಮೂಸಿ ನೋಡಿ, ಘಾಟಿಲ್ಲ. ಜಜ್ಜಿದ ಕ್ಷಣ ಮೂಗಿಗೆ ಹೊಡೆಯುತ್ತದೆ. ಎಸಳಿನೊಳಗೆ ಆಲಿಯಿನ್ ಎಂಬ ವಸ್ತು ಒಂದು ಪುಟ್ಟ ಕೋಣೆಯಲ್ಲಿ, ಅದನ್ನು ಬದಲಾಯಿಸುವ ಕಿಣ್ವ ಇನ್ನೊಂದರಲ್ಲಿ. ಹುಳು ಕಚ್ಚಿಯೋ ಬೂಷ್ಟು ಹೊಕ್ಕೋ ಗೋಡೆ ಒಡೆದರೆ ಎರಡೂ ಸೇರಿ ಆಲಿಸಿನ್ ಹುಟ್ಟುತ್ತದೆ. ನಮಗೆ ಒಗ್ಗರಣೆಯ ಘಮ, ಬೂಷ್ಟಿಗೆ ವಿಷ. ಬಿಸಿ ಎಣ್ಣೆಗೆ ಇಡಿಯಾಗಿ ಹಾಕಿದರೆ ಕಿಣ್ವ ಸತ್ತು ಆಲಿಸಿನ್ ಹುಟ್ಟುವುದೇ ಇಲ್ಲ. ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಒಗ್ಗರಣೆಗೆ ಹಾಕುವುದು ನನ್ನ ರೂಢಿ. ಕುಂಡದ ಗಿಡಕ್ಕೆ ಬೆಳ್ಳುಳ್ಳಿ ನೀರು ಚಿಮುಕಿಸುವವರೂ ಅಂದು ಅರೆದದ್ದನ್ನು ಅಂದೇ ಬಳಸಲಿ, ಆಲಿಸಿನ್ ಬಹಳ ಹೊತ್ತು ಉಳಿಯುವುದಿಲ್ಲ.

ಆಲೂಗಡ್ಡೆಯನ್ನು ಬೆಳಕಿನಲ್ಲಿಡಬೇಡಿ. ಹಸಿರಾದ ಜಾಗದಲ್ಲಿ ಸೋಲನಿನ್ ಹೆಚ್ಚಿರುತ್ತದೆ. ಅದು ಗಡ್ಡೆಯ ರಕ್ಷಣೆಗೆ ಇರುವ ಕಹಿ, ನಮ್ಮ ಹೊಟ್ಟೆಗೆ ಆಗದು, ಬೇಯಿಸಿದರೂ ಹೋಗದು. ಅಲ್ಪಸ್ವಲ್ಪ ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ, ಪೂರಾ ಹಸಿರಾಗಿದ್ದರೆ ಎಸೆಯಿರಿ. ಹಾಸನದ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಎಲೆ, ಗಡ್ಡೆ ಕೊಳೆಸುವ ಅಂಗಮಾರಿ ರೋಗವೆಂದರೆ ಎಷ್ಟು ಸಂಕಟವೋ ಗೊತ್ತು. 1940ರಲ್ಲಿ ಜರ್ಮನಿಯ ಮ್ಯೂಲರ್ ಮತ್ತು ಬೋರ್ಗರ್ ಎಂಬ ವಿಜ್ಞಾನಿಗಳು ಅದೇ ರೋಗದ ಸೂಕ್ಷ್ಮಜೀವಿಯನ್ನು ಆಲೂಗಡ್ಡೆಗೆ ಸೋಕಿಸಿ ನೋಡಿ, ಪೆಟ್ಟು ಬಿದ್ದಾಗ ಗಡ್ಡೆ ಹೊಸದಾಗಿ ಔಷಧ ಹುಟ್ಟಿಸಿಕೊಳ್ಳುತ್ತದೆ ಎಂದರು. ಅದಕ್ಕೆ ಫೈಟೋಅಲೆಕ್ಸಿನ್ ಎಂದು ಹೆಸರಿಟ್ಟರು.

ಗೆಣಸೂ ಹೀಗೆಯೇ. ಬೂಷ್ಟು ಹತ್ತಿದರೆ ಕಹಿ ವಿಷ ಹುಟ್ಟಿಸಿಕೊಳ್ಳುತ್ತದೆ, ಅದು ಕೊಳೆತ ಜಾಗದ ಆಚೆಗೂ ಇಳಿದಿರಬಹುದು. ಕಪ್ಪುಗಟ್ಟಿ ಕಹಿಯಾದ ಗೆಣಸನ್ನು ಕೆತ್ತಿ ಉಳಿಸಿಕೊಳ್ಳಲು ಹೋಗಬೇಡಿ. ದನಕ್ಕೂ ಹಾಕಬೇಡಿ, ಅದನ್ನು ತಿಂದ ದನಗಳ ಶ್ವಾಸಕೋಶ ಕೆಡುತ್ತದೆ. ನೇರ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.