ಮೈಸೂರಿನಿಂದ ಮಗಳ ಮನೆಗೆ ಎಷ್ಟು ಹೊತ್ತು? ದಾರ ಹಿಡಿದು ಲೆಕ್ಕ ಹಾಕಿ

ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟವರೆಲ್ಲ ಕೇಳುವುದು ಒಂದೇ: "ಟೀಚರ್, ಎಷ್ಟು ದೂರ? ಎಷ್ಟು ಹೊತ್ತು?" ಭೂಗೋಳ ಪಾಠ ಮಾಡಿದವಳು ನಾನು. ಉತ್ತರ ಹೇಳುವುದಿಲ್ಲ, ದಾರ ಕೊಡುತ್ತೇನೆ.

ಗೋಡೆಯ ನಕಾಶೆಯ ಮೇಲೆ ಸ್ಕೇಲ್ ಇಡಲೇಬೇಡಿ. ಗುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದ ಹಾಳೆ ಅದು. ಅಲ್ಲಿಯ ನೇರ ಗೆರೆ ಆಕಾಶದ ಹತ್ತಿರದ ದಾರಿಯಲ್ಲ. ಮಕ್ಕಳ ಗ್ಲೋಬ್ ತನ್ನಿ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಅದೇ ಗ್ಲೋಬಿನ ಸಮಭಾಜಕ ವೃತ್ತಕ್ಕೂ ದಾರ ಸುತ್ತಿ ಅಳೆಯಿರಿ. ಆ ಸುತ್ತು 40,075 ಕಿ.ಮೀ. ಉಳಿದದ್ದು ತ್ರೈರಾಶಿ. 30 ಸೆಂ.ಮೀ. ಅಡ್ಡಳತೆಯ ಗ್ಲೋಬಾದರೆ ಸುತ್ತಳತೆ 94, ನಮ್ಮ ದಾರ ಹತ್ತಿರಹತ್ತಿರ 33. ಅಂದರೆ ಸುಮಾರು 14,000 ಕಿ.ಮೀ.

ವಿಮಾನದ ವೇಗ ಗಂಟೆಗೆ ಸುಮಾರು 850 ಕಿ.ಮೀ. ಅನ್ನಿ. ಈ ದೂರವನ್ನು ಅದರಿಂದ ಭಾಗಿಸಿ, ಏರಿಳಿಯುವುದಕ್ಕೆ ಅರ್ಧ ಗಂಟೆ ಕೂಡಿಸಿ. ಹದಿನೇಳು ಗಂಟೆ ಬರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಾಗಲೂ ಹಿಡಿದದ್ದು ಹೆಚ್ಚುಕಡಿಮೆ ಅಷ್ಟೇ. ಲಂಡನ್ 8,000 ಕಿ.ಮೀ., ಹತ್ತು ಗಂಟೆ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುವುದರಿಂದ ಅಲ್ಲಿಂದ ಬರುವಾಗ ಸಾಮಾನ್ಯವಾಗಿ ಬೇಗ.

ನೇರ ವಿಮಾನ ಸಿಗದಿದ್ದರೆ ತುಂಡುತುಂಡಾಗಿ ಅಳೆದು ಕೂಡಿಸಿ. ಫ್ರಾಂಕ್‌ಫರ್ಟ್ ಮೇಲೆ ಹೋದರೆ 16,500 ದಾಟುತ್ತದೆ. ಅಲ್ಲಿ ಕಾಯುವ ಹೊತ್ತು ಬೇರೆ.

ಟಿಕೆಟ್ ಹಿಡಿದು ಇಳಿಯುವ ಹೊತ್ತಿನಿಂದ ಹೊರಡುವ ಹೊತ್ತನ್ನು ಕಳೆಯುವ ಲೆಕ್ಕ ಮಾತ್ರ ನಮ್ಮ ಯಜಮಾನರಂಥವರಿಗೆ ಕೊಡಬೇಡಿ. ಜುಲೈನಲ್ಲಿ ಮಧ್ಯಾಹ್ನ 2:30ಕ್ಕೆ ಬೆಂಗಳೂರು ಬಿಟ್ಟು ಹದಿನೇಳು ಗಂಟೆ ಹಾರಿದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವುದು ಅದೇ ದಿನ ಸಂಜೆ 7ಕ್ಕೆ. "ನಾಲ್ಕೂವರೆ ಗಂಟೆ ತಾನೇ!" ಅನ್ನುತ್ತಾರೆ. ಟಿಕೆಟ್ಟಿನಲ್ಲಿ ಆಯಾ ಊರಿನ ಗಡಿಯಾರ ಇರುತ್ತದೆ. ಮೊದಲು ಎರಡನ್ನೂ ನಮ್ಮ ಸಮಯಕ್ಕೆ ತನ್ನಿ: ಸ್ಯಾನ್ ಫ್ರಾನ್ಸಿಸ್ಕೋ ಸಮಯಕ್ಕೆ ಅಲ್ಲಿಯ ಬೇಸಿಗೆಯಲ್ಲಿ 12:30 ಗಂಟೆ, ಚಳಿಗಾಲದಲ್ಲಿ 13:30 ಕೂಡಿಸಿ, ಆಮೇಲೆ ಕಳೆಯಿರಿ. ವಾಪಸ್ ಬರುವಾಗ ಉಲ್ಟಾ, ಟಿಕೆಟ್ಟಿನಲ್ಲಿ ಹೊತ್ತು ಹೆಚ್ಚಾಗಿ ಕಾಣುತ್ತದೆ. ಸೋಮವಾರ ರಾತ್ರಿ 8:30ಕ್ಕೆ ಹೊರಟವರು ಬುಧವಾರ ಬೆಳಗಿನ ಜಾವ 2ಕ್ಕೆ ದೇವನಹಳ್ಳಿಯಲ್ಲಿರುತ್ತೀರಿ. ಕರೆಯಲು ಬರುವವರಿಗೆ ಗಂಟೆಯ ಜೊತೆ ತಾರೀಕನ್ನೂ ಬರೆದುಕೊಡಿ.

ಇನ್ನು ಮೈಸೂರಿನ ಪಾಲು. ಫ್ಲೈಬಸ್ಸಿಗೆ ನಾಲ್ಕು ಗಂಟೆ, ಹೆಬ್ಬಾಳದ ಟ್ರಾಫಿಕ್ಕಿಗೆ ಒಂದು, ವಿಮಾನ ನಿಲ್ದಾಣದಲ್ಲಿ ಮೂರು, ಹಾರಾಟ ಹದಿನೇಳು, ಅಲ್ಲಿ ಇಮಿಗ್ರೇಷನ್ ಕ್ಯೂಗೆ ಎರಡು. ಒಟ್ಟು ಇಪ್ಪತ್ತೇಳು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರಿಗೆ ಟಿಕೆಟ್ ತೋರಿಸುವುದಕ್ಕಿಂತ ಈ ಇಪ್ಪತ್ತೇಳನ್ನು ಹೇಳಿ, ಯಾವ ಡೋಸ್ ಯಾವಾಗ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಮಾತ್ರೆ ಕೈಚೀಲದಲ್ಲೇ ಇರಲಿ.