ನಡುಗದ ಲೇತ್ ಪೀಠವನ್ನು ಕಟ್ಟಿದ ಬಗೆ: ನನ್ನ ಅನುಭವ

ಮರ ಕಡೆಯುವ ಲೇತಿನೊಂದಿಗೆ ಬರುವ ತಗಡಿನ ಸ್ಟ್ಯಾಂಡು ಲಟ್ಟಣಿಗೆ, ಬುಗುರಿ, ಮಂಚದ ಕಾಲುಗಳಂಥ ಕೆಲಸಕ್ಕೆ ಸಾಕಾಗುತ್ತದೆ. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಹಾಲೆಮರದ ತುಂಡುಗಳು ಸಣ್ಣವು, ಮೊದಲೇ ಹೆಚ್ಚುಕಡಿಮೆ ದುಂಡಗಿರುವಂಥವು. ಅವು ಎಷ್ಟು ವೇಗವಾಗಿ ತಿರುಗಿದರೂ ಯಂತ್ರವನ್ನು ಅಲ್ಲಾಡಿಸುವುದಿಲ್ಲ. ನಾನು ಕಡೆಯುವುದು ಹಲಸು ಮತ್ತು ಮಳೆಮರದ ಹಸಿ ದಿಮ್ಮಿಗಳಿಂದ ಅಗಲವಾದ ಬಟ್ಟಲುಗಳನ್ನು. ಅಂಥ ತುಂಡಿನ ಒಂದು ಬದಿಯಲ್ಲಿ ಚೇಗು, ಇನ್ನೊಂದು ಬದಿಯಲ್ಲಿ ನೀರು ತುಂಬಿದ ಬಿಳಿ ಮರ ಇರುವುದರಿಂದ, ಎಷ್ಟೇ ಸರಿಯಾಗಿ ನಡುಬಿಂದು ಹಿಡಿದರೂ ತೂಕ ಒಂದೇ ಕಡೆಗೆ ಎಳೆಯುತ್ತದೆ. ಆಗ ತಗಡಿನ ಸ್ಟ್ಯಾಂಡು ನಡುಗುತ್ತದೆ, ಉಳಿ ಮರದ ಮೇಲೆ ಕುಪ್ಪಳಿಸುತ್ತದೆ, ಬಟ್ಟಲಿನ ಮೈಮೇಲೆ ಏಳುವ ಅಲೆಗಳನ್ನು ಉಪ್ಪುಕಾಗದದಿಂದ ಎಷ್ಟು ಉಜ್ಜಿದರೂ ತೆಗೆಯಲಾಗುವುದಿಲ್ಲ.

ಈ ಬಲ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಿದ ಮೇಲೆಯೇ ನನಗೆ ಹೊಸ ಪೀಠದ ಅಗತ್ಯ ಸ್ಪಷ್ಟವಾಯಿತು. ನಡುವಿನಿಂದ 15 ಸೆಂ.ಮೀ. ದೂರದಲ್ಲಿ ಕೇವಲ 100 ಗ್ರಾಂ ಹೆಚ್ಚುವರಿ ತೂಕವಿದ್ದರೆ, ನಿಮಿಷಕ್ಕೆ 500 ಸುತ್ತಿನಲ್ಲಿ ಅದು 4 ಕಿಲೋಗಿಂತ ತುಸು ಹೆಚ್ಚಿನ ಭಾರದಷ್ಟು ಬಲದಿಂದ ಯಂತ್ರವನ್ನು ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುವುದರಿಂದ, 1000 ಸುತ್ತಿನಲ್ಲಿ ಅದೇ 100 ಗ್ರಾಂ ಸುಮಾರು 17 ಕಿಲೋ ಭಾರದ ಎಳೆತವಾಗುತ್ತದೆ, ಅದೂ ಪ್ರತಿ ಸುತ್ತಿನಲ್ಲಿ ದಿಕ್ಕು ಬದಲಿಸುತ್ತ.

ಆದರೂ ಪೀಠಕ್ಕೆ ಕೈಹಾಕುವ ಮೊದಲು ನಡುಕದಲ್ಲಿ ಯಂತ್ರದ ಪಾಲೆಷ್ಟು ಎಂದು ತಿಳಿಯಬೇಕು. ಬೆಲ್ಟು ಬಿಚ್ಚಿ ಮೋಟಾರನ್ನಷ್ಟೇ ಓಡಿಸಿದೆ. ಬಳಿಕ ಬೆಲ್ಟು ಹಾಕಿ, ಮರವಿಲ್ಲದೆ ಓಡಿಸಿದೆ. ಬಹುಕಾಲ ಒಂದೇ ಸ್ಥಾನದಲ್ಲಿ ಬಿಗಿಯಾಗಿ ನಿಂತ ವಿ-ಬೆಲ್ಟು ಅದೇ ಆಕಾರಕ್ಕೆ ಸೆಟೆದುಕೊಂಡು ಪ್ರತಿ ಸುತ್ತಿಗೂ ಬಡಿಯುತ್ತಿತ್ತು. ಅದನ್ನು ಬದಲಿಸಿ, ಎರಡು ಪುಲ್ಲಿಗಳನ್ನು ನೇರ ಪಟ್ಟಿಯಿಟ್ಟು ಒಂದೇ ಸಾಲಿಗೆ ತಂದ ಮೇಲೆ ಉಳಿದ ನಡುಕವೆಲ್ಲ ಮರದ್ದು ಮತ್ತು ಸ್ಟ್ಯಾಂಡಿನದು.

ಹಳೆಯ ಸ್ಟ್ಯಾಂಡಿನ ಮೇಲೆಯೇ ಮರಳಿನ ಚೀಲಗಳನ್ನು ಹೇರಿದರೆ ಸಾಕೆಂಬ ಸಲಹೆಯನ್ನು ಹಲವರು ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಪ್ರತಿಯೊಂದು ಸ್ಟ್ಯಾಂಡಿಗೂ ತಾನು ಸಹಜವಾಗಿ ತೂಗಾಡುವ ಒಂದು ವೇಗವಿರುತ್ತದೆ. ಮರ ತಿರುಗುವ ವೇಗ ಅದಕ್ಕೆ ಹೊಂದಿಕೊಂಡಾಗ ಸಣ್ಣ ಬಲವೂ ದೊಡ್ಡ ನಡುಕವಾಗುತ್ತದೆ. ಕಟ್ಟು ಬಿಗಿಯಾದಷ್ಟೂ ಆ ವೇಗ ಮೇಲೇರುತ್ತದೆ, ತೂಕ ಹೆಚ್ಚಿದಷ್ಟೂ ಕೆಳಗಿಳಿಯುತ್ತದೆ. ಹಾಗಾಗಿ ಕಾಲುಗಳು ಬಾಗುವ ಸ್ಟ್ಯಾಂಡಿನ ಮೇಲೆ ಭಾರವನ್ನು ಮಾತ್ರ ಹೇರಿದರೆ, ಮೊದಲು 1000 ಸುತ್ತಿನಲ್ಲಿ ಬರುತ್ತಿದ್ದ ತೂಗಾಟ, ದೊಡ್ಡ ಬಟ್ಟಲನ್ನು ಒರಟಾಗಿ ಕಡೆಯುವ ನಿಧಾನದ ವೇಗಕ್ಕೇ ಇಳಿದುಬರಬಹುದು. ಮೊದಲು ಬಿಗಿತ, ಅನಂತರ ಭಾರ ಎಂಬುದು ನನ್ನ ಕ್ರಮ.

ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ಮತ್ತಿ ಮರದ ತೊಲೆಗಳನ್ನು ಕೊಂಡೆ. ದಶಕಗಳ ಕಾಲ ಒಣಗಿದ ಮರವಾದ್ದರಿಂದ ಅದು ಇನ್ನು ಸೊಟ್ಟಗಾಗುವ ಭಯ ಕಡಿಮೆ. ಮೊಳೆಗಳನ್ನು ಹುಡುಕಿ ಕೀಳುವ ತಾಳ್ಮೆಯೊಂದು ಬೇಕು. ಲೇತಿನ ನಡುಬಿಂದು ನನ್ನ ಮೊಣಕೈ ಎತ್ತರಕ್ಕೆ ಬರುವಂತೆ ಅಳತೆ ಹಿಡಿದೆ. ಮೇಲ್ಭಾಗದಲ್ಲಿ 30 ಸೆಂ.ಮೀ. ಅಗಲವಿರುವ ಕಾಲುಗಳು ನೆಲದಲ್ಲಿ 65 ಸೆಂ.ಮೀ.ಗೆ ಹರಡುತ್ತವೆ, ಏಕೆಂದರೆ ಬಟ್ಟಲಿನ ಅಸಮತೋಲ ಯಂತ್ರವನ್ನು ಹೆಚ್ಚಾಗಿ ಹಿಂದೆಮುಂದೆಯೇ ತಳ್ಳುತ್ತದೆ. ಕಾಲು ಮತ್ತು ಅಡ್ಡಪಟ್ಟಿಗಳನ್ನು ಸ್ಕ್ರೂ ನಂಬದೆ, ಒಂದರ ತುದಿಯನ್ನು ಸಣ್ಣದಾಗಿ ಕೆತ್ತಿ ಇನ್ನೊಂದರ ಗುಳಿಯೊಳಗೆ ಬಿಗಿಯಾಗಿ ಇಳಿಸಿ, ಅಂಟು ಹಾಕಿ ಕೂಡಿಸಿದೆ. ಹಿಂಬದಿಗೂ ಎರಡು ಪಕ್ಕಗಳಿಗೂ 18 ಮಿ.ಮೀ. ಪ್ಲೈವುಡ್ ಹಲಗೆಗಳನ್ನು ಅಂಟು ಮತ್ತು ಸ್ಕ್ರೂಗಳಿಂದ ಜಡಿದೆ. ಚೌಕಟ್ಟು ಓರೆಯಾಗದಂತೆ ತಡೆಯುವುದರಲ್ಲಿ ಈ ಹಲಗೆಗಳು ಮಾಡುವ ಕೆಲಸವನ್ನು ದಪ್ಪ ಕಾಲುಗಳು ಮಾಡಲಾರವು. ಹಲಗೆ ಜಡಿಯುವ ಮೊದಲು ಮತ್ತು ಅನಂತರ ಪೀಠವನ್ನು ಒಂದು ಮೂಲೆಯಿಂದ ತಳ್ಳಿ ನೋಡಿದರೆ ಈ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಭಾರಕ್ಕಾಗಿ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಒಳಅಳತೆಯಲ್ಲಿ 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಪೆಟ್ಟಿಗೆಯನ್ನು ಕಟ್ಟಿದೆ. ಅದರಲ್ಲಿ 54 ಲೀಟರ್, ಅಂದರೆ ಸುಮಾರು 85 ಕಿಲೋ ಮರಳು ಹಿಡಿಯುತ್ತದೆ. ಕಾಂಕ್ರೀಟು ತೂಕವನ್ನಷ್ಟೇ ಕೊಟ್ಟೀತು. ಸಡಿಲ ಮರಳಿನ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ನಡುಕದ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಹಸಿ ಮರಳು ಪೆಟ್ಟಿಗೆಯನ್ನು ಕೊಳೆಸುತ್ತದೆಯಾದ್ದರಿಂದ, ಟಾರ್ಪಾಲಿನ ಮೇಲೆ ಹರಡಿ ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಪೆಟ್ಟಿಗೆಗೆ ತುಂಬಿದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಲೇತನ್ನು ಪೀಠದ ಮೇಲೆ ಕೂರಿಸುವಾಗ. ಪೀಠದ ಮೇಲ್ಮೈ ಕೂದಲೆಳೆಯಷ್ಟು ತಿರುಚಿಕೊಂಡಿದ್ದರೂ, ಬೋಲ್ಟು ಬಿಗಿಯುತ್ತಲೇ ಲೇತಿನ ಬೆಡ್, ಅಂದರೆ ಅದರ ಉದ್ದನೆಯ ಅಡಿಪಟ್ಟಿ, ಅದರೊಂದಿಗೆ ತಿರುಚಿಕೊಳ್ಳುತ್ತದೆ; ಮರವನ್ನು ತಿರುಗಿಸುವ ತುದಿಯಾದ ಹೆಡ್‌ಸ್ಟಾಕ್ ಮತ್ತು ಇನ್ನೊಂದು ತುದಿಯಿಂದ ಅದಕ್ಕೆ ಆಸರೆ ಕೊಡುವ ಟೇಲ್‌ಸ್ಟಾಕ್, ಇವೆರಡರ ಮೊನೆಗಳು ಆಮೇಲೆ ಎದುರುಬದುರಾಗುವುದಿಲ್ಲ. ರಸಮಟ್ಟವಿಟ್ಟು ಮೇಲಿನ ಹಲಗೆಯನ್ನು ಉಜ್ಜುಗೊರಡಿನಿಂದ ಸಮ ಮಾಡಿದ ಮೇಲೂ, ಮೂರು ಪಾದಗಳ ಬೋಲ್ಟುಗಳನ್ನು ಮೃದುವಾಗಿ ಬಿಗಿದು ನಾಲ್ಕನೆಯ ಪಾದದಡಿಯ ಸಂದನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಉಕ್ಕಿನ ಪಟ್ಟಿಗಳ ಕಟ್ಟು) ಅಳೆದೆ. ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ, ಅದರ ತುಂಡುಗಳನ್ನು ಒಂದೊಂದಾಗಿ ಸೇರಿಸಿ ಸಂದನ್ನು ತುಂಬಿ, ಬಳಿಕವಷ್ಟೇ ನಾಲ್ಕೂ ಬೋಲ್ಟುಗಳನ್ನು ಪೂರ್ತಿ ಬಿಗಿದೆ. ಅಗಲವಾದ ವಾಷರುಗಳಿಲ್ಲದಿದ್ದರೆ 12 ಮಿ.ಮೀ. ಬೋಲ್ಟಿನ ನಟ್ಟು ಮರದೊಳಗೆ ಇಳಿದು ಸಡಿಲವಾಗುತ್ತದೆ. ಎರಡು ಮೊನೆಗಳನ್ನು ಹತ್ತಿರ ತಂದು, ಹಿಂದೆ ದೀಪ ಹಿಡಿದು ನೋಡಿದಾಗ ಒಂದಕ್ಕೊಂದು ನೇರವಾಗಿ ಸೇರಿದವು.

ನೆಲಕ್ಕೆ ಮೆತ್ತನೆಯ ರಬ್ಬರ್ ಹಾಕಿದರೆ ಪೀಠವೇ ಓಲಾಡುತ್ತದೆಯಾದ್ದರಿಂದ, ಕಾಲುಗಳ ಎತ್ತರ ಹೊಂದಿಸುವ ಬೋಲ್ಟುಗಳ ಕೆಳಗೆ ಹಳೆಯ ಕನ್ವೇಯರ್ ಬೆಲ್ಟಿನ ಗಟ್ಟಿ ತುಂಡುಗಳನ್ನಿಟ್ಟೆ.

ಈಗ ಅದೇ ಗಾತ್ರದ ಹಲಸಿನ ತುಂಡನ್ನು ಕಡೆಯುವಾಗ ಬೆಡ್ ಮೇಲಿಟ್ಟ ಲೋಟದ ನೀರಿನಲ್ಲಿ ಸಣ್ಣ ಉಂಗುರಗಳು ಮಾತ್ರ ಏಳುತ್ತವೆ. ಉಳಿ ಅಲುಗದೆ ಉದ್ದನೆಯ ಸಿಪ್ಪೆ ತೆಗೆಯುತ್ತದೆ. ಆದರೂ ಪೀಠ ಎಷ್ಟೇ ಗಟ್ಟಿಯಾಗಿರಲಿ, ಅದು ಮರವನ್ನು ಸಮತೂಕ ಮಾಡುವುದಿಲ್ಲ. ತುಂಡು ದುಂಡಗಾಗುವವರೆಗೆ ಲೇತಿನ ಅತಿ ಕಡಿಮೆ ವೇಗದಲ್ಲೇ, ಟೇಲ್‌ಸ್ಟಾಕಿನ ಆಸರೆ ಕೊಟ್ಟು, ಮುಖಕವಚ ಧರಿಸಿ ಕೆಲಸ ಮಾಡಬೇಕು. ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಋತು ಬದಲಾದಾಗಲೆಲ್ಲ ಬೋಲ್ಟುಗಳ ಬಿಗಿಯನ್ನೂ ಮೊನೆಗಳ ನೇರವನ್ನೂ ಮತ್ತೆ ಪರೀಕ್ಷಿಸುತ್ತೇನೆ.