ಕೊನೆಯ ಮನೆ ಹಸಿರಾಯ್ತಾ? ಅಲ್ಲೇ ಸ್ವಲ್ಪ ನಿಲ್ಲಿ

ಅಡಗಿರುವ ಇಂಗ್ಲಿಷ್ ಪದವನ್ನು ಊಹಿಸುವ ಆನ್‌ಲೈನ್ ಆಟ ವರ್ಡಲ್ ಆಡುವವರಲ್ಲಿ ಜಾಸ್ತಿ ಜನ ಸೋಲುವುದು ಪದ ಗೊತ್ತಿಲ್ಲದೆ ಅಲ್ಲ. ಕೊನೆಯ ಅಕ್ಷರ ಹಸಿರಾದ ಖುಷಿಗೆ, ಅದರಲ್ಲೇ ಮುಗಿಯುವ ಪದಗಳನ್ನು ಒಂದರ ಹಿಂದೊಂದು ಹೊಡೆಯುತ್ತಾ ಹೋಗಿ ಸೋಲುತ್ತಾರೆ. ವಾಟ್ಸ್ಯಾಪ್ ಗುಂಪುಗಳಲ್ಲಿ ಬೆಳಗ್ಗೆ ಬೆಳಗ್ಗೆ ಬೀಳುವ ಆ ಬಣ್ಣದ ಚೌಕಗಳನ್ನು ನೋಡಿ. ನಾಲ್ಕು ಹಸಿರು, ಒಂದು ಬೂದು. ಕೆಳಗೆ ಮತ್ತೆ ಅದೇ. ಆರನೇ ಸಾಲಿನಲ್ಲೂ ಅದೇ. ಆಮೇಲೆ ಒಂದು ಅಳುಮುಖದ ಇಮೋಜಿ.

ನಿಯಮ ಗೊತ್ತಿಲ್ಲದವರಿಗೆ ಒಂದೇ ಮಾತು: ಐದಕ್ಷರದ ಇಂಗ್ಲಿಷ್ ಪದ, ಆರು ಅವಕಾಶ, ಹಸಿರಾದರೆ ಅಕ್ಷರವೂ ಜಾಗವೂ ಸರಿ, ಹಳದಿಯಾದರೆ ಅಕ್ಷರ ಇದೆ ಆದರೆ ಜಾಗ ಬೇರೆ, ಬೂದಾದರೆ ಇಲ್ಲ.

ಹಂತ 1: ಮೊದಲ ಎರಡು ಪದ

ಮೊದಲ ಪದ ‘ಸ್ಲೇಟ್’ ಹಾಕಿ. ಎಸ್-ಎಲ್-ಎ-ಟಿ-ಇ. ಅದು ಫಲ ಕೊಡದಿದ್ದರೆ ಎರಡನೆಯದು ‘ಕಾರ್ನಿ’, ಸಿ-ಓ-ಆರ್-ಎನ್-ವೈ. ಹತ್ತು ಬೇರೆ ಬೇರೆ ಅಕ್ಷರ, ಜೊತೆಗೆ ಕೊನೆಯ ಮನೆಯಲ್ಲಿ ಇ ಮತ್ತು ವೈ ಎರಡರ ಪರೀಕ್ಷೆಯೂ ಮುಗಿಯಿತು. ‘ಅಡ್ಯೂ’ (ಎ-ಡಿ-ಐ-ಇ-ಯು) ಹಾಕುವವರು ತುಂಬಾ ಇದ್ದಾರೆ, ನಾಲ್ಕು ಸ್ವರ ಒಂದೇ ಏಟಿಗೆ ಸಿಗುತ್ತೆ ಅಂತ. ಬೇಡ. ಅದು ಮುಗಿಯುವುದು ಯುನಲ್ಲಿ. ಯುನಲ್ಲಿ ಮುಗಿಯುವ ಉತ್ತರ ಎಷ್ಟು ಸಲ ಬರುತ್ತೆ ಹೇಳಿ? ಕೊನೆಯ ಮನೆ ಸುಮ್ನೆ ದಂಡ.

ಹಂತ 2: ಕೊನೆಯ ಅಕ್ಷರದ ಹಿಂದಿನ ಮನೆ ನೋಡಿ

ಈ ಆಟವನ್ನು ಜೋಶ್ ವಾರ್ಡಲ್ ಮಾಡಿದ್ದು ತನ್ನ ಸಂಗಾತಿ ಪಲಕ್ ಶಾಗಾಗಿ. 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಸಿಕ್ಕಿತು, 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಐದಕ್ಷರದ ಪದಗಳ ದೊಡ್ಡ ರಾಶಿಯಿಂದ ಯಾರಿಗೂ ಗೊತ್ತಿಲ್ಲದವನ್ನು ಸೋಸಿ ತೆಗೆದಿದ್ದು ಪಲಕ್ ಅವರೇ. ಹಾಗೆ ಉಳಿದ ಸುಮಾರು 2,300 ಉತ್ತರಗಳಲ್ಲಿ ಇನಲ್ಲಿ ಮುಗಿಯುವವು 400ಕ್ಕೂ ಜಾಸ್ತಿ, ವೈನಲ್ಲಿ 360ಕ್ಕೂ ಜಾಸ್ತಿ. ಆಮೇಲೆ ಟಿ, ಆರ್. ಎಸ್‌ನಲ್ಲಿ ಮುಗಿಯುವವು 40 ಕೂಡ ಇರಲಿಲ್ಲ, ಯಾಕೆಂದರೆ ಎಸ್ ಸೇರಿಸಿದ ಬಹುವಚನಗಳನ್ನು ಉತ್ತರವಾಗಿ ಇಡುವುದಿಲ್ಲ. ಎಸ್ ಹಸಿರಾದರೆ ಗ್ಲಾಸ್, ಡ್ರೆಸ್ ಥರ ಜೋಡಿ ಎಸ್, ಇಲ್ಲವೇ ವೈರಸ್, ಬೋನಸ್ ಥರ ಯು-ಎಸ್ ಹುಡುಕಿ.

ಎಚ್ ಹಸಿರಾದರೆ ಬಹುಪಾಲು ಅದರ ಹಿಂದೆ ಸಿ, ಎಸ್, ಟಿ ಅಥವಾ ಜಿ: ಕೋಚ್, ಫ್ರೆಶ್, ಟೂತ್, ರಫ್. ವೈ ಹಸಿರಾದರೆ ಜೋಡಿ ವ್ಯಂಜನದ ಅನುಮಾನ ಇಟ್ಟುಕೊಳ್ಳಿ: ಹ್ಯಾಪಿ, ಫನ್ನಿ, ಸಿಲ್ಲಿ.

ನಮ್ಮವರು ಎಡವುವ ಇನ್ನೊಂದು ಜಾಗ ಇದೆ. ನಾವು ಕಿವಿಯಿಂದ ಪದ ಹುಡುಕುತ್ತೇವೆ. ಲೈಟ್, ವೈಟ್ ಎರಡೂ ನಮಗೆ ಟ್‌ನಲ್ಲೇ ಮುಗಿಯುತ್ತವೆ, ಎರಡೂ ಐದಕ್ಷರವೇ. ಆದರೆ ಒಂದರ ಕೊನೆ ಟಿ, ಇನ್ನೊಂದರದು ಇ. ಬಾಯಲ್ಲಿ ಹೇಳಿಕೊಳ್ಳಬೇಡಿ, ಚೀಟಿಯಲ್ಲಿ ಐದು ಗೆರೆ ಹಾಕಿ ತುಂಬಿಸಿ.

ಹಂತ 3: ಒಂದು ಸಾಲನ್ನು ಬಲಿ ಕೊಡಿ

ಸ್ಲೇಟ್ ಹಾಕಿದಿರಿ. ಎಸ್, ಎ, ಇ ಹಸಿರು. ಎಲ್, ಟಿ ಬೂದು. ಮೊದಲ ಸಾಲಿಗೇ ಮೂರು ಹಸಿರು, ಅದೃಷ್ಟ ಅಂದುಕೊಳ್ಳುತ್ತೀರಿ ಅಲ್ವಾ? ಬಲೆಗೆ ಬಿದ್ದಿರಿ. ಶೇಡ್, ಶೇಕ್, ಶೇಮ್, ಶೇಪ್, ಶೇರ್, ಶೇವ್, ಸ್ನೇಕ್, ಸ್ನೇರ್, ಸ್ಪೇಸ್, ಸ್ಪೇಡ್, ಸ್ಪೇರ್, ಸ್ಕೇರ್, ಸ್ವಾವ್ (ಎಸ್-ಯು-ಎ-ವಿ-ಇ). ಎಲ್ಲಾ ಐದಕ್ಷರ, ಎಲ್ಲದರ ಕೊನೆಯೂ ಇ. ಶೇಡ್ ಹಾಕಿ, ಶೇಕ್ ಹಾಕಿ ಅಂತ ಹೊರಟರೆ ಸಾಲು ಮುಗಿಯುತ್ತವೆ, ಪದ ಮುಗಿಯುವುದಿಲ್ಲ.

ಇಲ್ಲಿ ಗೆಲ್ಲುವ ಆಸೆ ಬಿಟ್ಟು, ಉತ್ತರ ಆಗಲು ಸಾಧ್ಯವೇ ಇಲ್ಲದ ಪದ ಹಾಕಿ: ‘ಚಂಪ್’, ಸಿ-ಎಚ್-ಯು-ಎಂ-ಪಿ. ಹಸಿರು ಸಿಕ್ಕಿರುವ ಒಂದು ಅಕ್ಷರವೂ ಇದರಲ್ಲಿಲ್ಲ, ಅದೇ ಇದರ ಲಾಭ. ಎಚ್, ಎಂ ಎರಡೂ ಬಣ್ಣ ಬಂದರೆ ಶೇಮ್. ಎಚ್, ಪಿ ಬಂದರೆ ಶೇಪ್. ಸಿ, ಪಿ ಬಂದರೆ ಸ್ಪೇಸ್. ಸಿ ಒಂದೇ ಬಂದರೆ ಸ್ಕೇರ್, ಯು ಒಂದೇ ಬಂದರೆ ಸ್ವಾವ್. ಪಿ ಮಾತ್ರ ಬಂದರೆ ಸ್ಪೇಡ್ ಅಥವಾ ಸ್ಪೇರ್. ಏನೂ ಬರದಿದ್ದರೆ ಸ್ನೇಕ್ ಅಥವಾ ಸ್ನೇರ್.

ಬರೀ ಎಚ್ ಬಂದರೆ ನಾಲ್ಕು ಉಳಿಯುತ್ತವೆ: ಶೇಡ್, ಶೇಕ್, ಶೇರ್, ಶೇವ್. ಈಗಲೂ ಕೈ ತಡೆಯಿರಿ. ‘ಡ್ರಿಂಕ್’ ಹಾಕಿ. ಡಿ ಹಳದಿಯಾದರೆ ಶೇಡ್, ಆರ್ ಆದರೆ ಶೇರ್, ಕೆ ಆದರೆ ಶೇಕ್, ಮೂರೂ ಬೂದಾದರೆ ಶೇವ್. ನಾಲ್ಕನೇ ಸಾಲಿಗೆ ಕೆಲಸ ಮುಗೀತು. ಎರಡು ಸಾಲು ಹಾಳಾಯ್ತಲ್ಲ ಅಂತ ಕೊರಗುವವರು ಆರನೇ ಸಾಲಿನಲ್ಲಿ ಕೊರಗುತ್ತಾರೆ, ಅಷ್ಟೇ.

ಹಾರ್ಡ್ ಮೋಡ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ, ಸಿಕ್ಕ ಹಸಿರನ್ನು ಬಿಡುವ ಹಾಗೇ ಇಲ್ಲ. ಆ ಮೋಡ್ ಆಫ್ ಮಾಡಿ. ಅದರಿಂದ ಸಿಗುವುದು ಅಂಕಿಯ ಪಕ್ಕ ಒಂದು ನಕ್ಷತ್ರ ಚಿಹ್ನೆ ಮಾತ್ರ.

ಇನ್ನು ‘ಇನಲ್ಲಿ ಮುಗಿಯುವ ಐದಕ್ಷರದ ಪದಗಳು’ ಅಂತ ಪಟ್ಟಿ ಕೊಡುವ ತಾಣಗಳು. ನೋಡಲೇಬೇಡಿ. ಸ್ಕ್ರ್ಯಾಬಲ್‌ನವರ ಹಳೆಯ ನಿಘಂಟುಗಳನ್ನೆಲ್ಲ ಕೆದಕಿ, ಬಳಕೆಯಲ್ಲೇ ಇಲ್ಲದ ಪದಗಳನ್ನು ಸುರಿದಿರುತ್ತಾರೆ, ಮಧ್ಯೆ ಮಧ್ಯೆ ಜಾಹೀರಾತು ಬೇರೆ. ಆ ಪಟ್ಟಿಯಲ್ಲಿ ಶೇವ್ ಹುಡುಕುವಷ್ಟರಲ್ಲಿ ನಿಜವಾಗಿ ಶೇವ್ ಮಾಡಿ ಮುಗಿಸಬಹುದು.

ಹಂತ 4: ಅದೇ ಅಕ್ಷರ ಇನ್ನೊಮ್ಮೆ ಇರಬಹುದು

ಕೊನೆಯ ಇ ಹಸಿರಾದ ತಕ್ಷಣ ಇ ಲೆಕ್ಕ ಮುಗೀತು ಅಂದುಕೊಳ್ಳಬೇಡಿ. ಥೀಮ್, ಸೀನ್, ಎಲೀಟ್ ಎಲ್ಲದರಲ್ಲೂ ಎರಡೆರಡು ಇ ಇವೆ.

ಆರ್ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು. 2022ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಉತ್ತರ ‘ಪೇರರ್’ ಆಗಿತ್ತು, ಪಿ-ಎ-ಆರ್-ಇ-ಆರ್, ಸಿಪ್ಪೆ ಹೆರೆಯುವ ಸಾಧನ. ಎ, ಇ, ಆರ್ ಹಸಿರು ಹಿಡಿದುಕೊಂಡು ಜನ ಪೇಪರ್, ಪೇಯರ್, ವೇಫರ್, ಲೇಸರ್ ಅಂತ ಹೊಡೆದು ಹೊಡೆದು ಸ್ಟ್ರೀಕ್, ಅಂದರೆ ಸತತ ಗೆಲುವಿನ ಸರಣಿ, ಕಳೆದುಕೊಂಡು ಟ್ವಿಟರ್‌ನಲ್ಲಿ ರಂಪ ಮಾಡಿದರು. ಹಾಗಾಗಿ ಇ-ಆರ್ ಜೋಡಿ ಕೊನೆಯಲ್ಲಿ ಕಂಡ ದಿನ ಎರಡನೇ ಸಾಲಿನಲ್ಲೇ ಬಲಿ ಕೊಡಿ. ಐದನೇ ಸಾಲಿನವರೆಗೂ ಕಾದರೆ ಬಲಿ ಕೊಡಲು ಸಾಲೇ ಇರುವುದಿಲ್ಲ.